ಗಡಿಬಿಡಿಯ ಡ್ರಮ್ಮು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದರೂ ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಗಡಿಬಿಡಿ ಎಂದೇ. ಹನ್ನೊಂದು ವರ್ಷದ ಹುಡುಗಿ ಮೆಟ್ಟಿಲಿಳಿಯುವಾಗ ಒಂದು ಬಿಟ್ಟು ಒಂದು ಹಾರುತ್ತಿದ್ದಳು. ಒಂದು ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇನ್ನೊಂದು ಕೈಯಲ್ಲಿ ಹಾಲಿನ ಪಾತ್ರೆ ಇಳಿಸುತ್ತಿದ್ದಳು. ಶಾಲೆಗೆ ಓಡುವಾಗ ಅರ್ಧ ದಾರಿಯಲ್ಲಿ, ಬಲಗಾಲಿನ ಚಪ್ಪಲಿ ಎಡಗಾಲಿನಲ್ಲಿದೆ ಅನ್ನುವುದು ಗೊತ್ತಾಗುತ್ತಿತ್ತು. ನೋಡುವವರಿಗೆ ನಗು. ಅವಳಿಗೆ ಮಾತ್ರ ಓಡದಿದ್ದರೆ ದಿನ ಮುಗಿಯುತ್ತಲೇ ಇರಲಿಲ್ಲ.

ಅಪ್ಪ ಬಸ್ ಡ್ರೈವರ್. ಹಿಂದಿನ ವರ್ಷ ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಸ್ಸು ಹೋಗಿ ಗೋಡೆಗೆ ಗುದ್ದಿತ್ತು. ಒಳಗಿದ್ದವರಿಗೆಲ್ಲ ತರಚುಗಾಯಗಳಾದವು, ಅಪ್ಪನ ಎಡಗಾಲು ಮಾತ್ರ ಜಜ್ಜಿಹೋಯಿತು. ತಪ್ಪು ಡ್ರೈವರನದಲ್ಲ ಎಂದು ವಿಚಾರಣೆ ಮಾಡಿದವರೂ ಹೇಳಿದರು. ಆದರೆ ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಮನೆಗೆ ಬಂದ ಅಪ್ಪ ಬಾಯಿಗೆ ಬೀಗ ಹಾಕಿಕೊಂಡ. ಒಳಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುವುದೇ ಅವನ ಕೆಲಸವಾಯಿತು. ಅಡುಗೆಮನೆಯಲ್ಲಿ ತಟ್ಟೆ ಬಿದ್ದು ಸದ್ದಾದರೆ ಬೆಚ್ಚಿಬಿದ್ದು ಕೂಗಾಡುತ್ತಿದ್ದ. ಕೂಗಾಡಿದ್ದಕ್ಕೆ ತಾನೇ ನಾಚಿ ಮತ್ತೆ ಗೋಡೆಯ ಕಡೆ ಹೊರಳುತ್ತಿದ್ದ. ಗಡಿಬಿಡಿಗೆ ಅವನ ಕೂಗಿಗಿಂತ ಆ ಹೊರಳುವಿಕೆಯೇ ಹೆಚ್ಚು ಸಂಕಟವಾಗುತ್ತಿತ್ತು.

ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದಳು. ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಸಂಜೆಗೆ. ನಡುವಿನ ಹೊತ್ತು ಮನೆಗೆಲಸವೆಲ್ಲ ಗಡಿಬಿಡಿಯ ತಲೆಯ ಮೇಲೆ. ಅದರ ಜೊತೆಗೆ ನಾಲ್ಕು ವರ್ಷದ ತಮ್ಮ. ಅವನಿಗೆ ಜಿಗಣೆ ಎಂದು ಹೆಸರಿಟ್ಟವಳು ಅವಳೇ. ಒಮ್ಮೆ ಅಕ್ಕನ ಕಾಲಿಗೆ ಅಂಟಿಕೊಂಡನೆಂದರೆ ಅವನನ್ನು ಬಿಡಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ, ಅವರಪ್ಪನಿಂದಂತೂ ಮೊದಲೇ ಇಲ್ಲ.

ಓಣಿಗೆ ಇದ್ದದ್ದು ಒಂದೇ ನಲ್ಲಿ. ಅದರಲ್ಲಿ ನೀರು ಬರುವುದು ಶಾಲೆ ಬಿಟ್ಟ ಮೇಲೆ. ಒಂದು ದಿನ ಸಾಲು ಉದ್ದವಿತ್ತು. ಜಿಗಣೆ ಕಾಲಿಗೆ ಅಂಟಿಕೊಂಡು ರಾಗ ಎಳೆಯುತ್ತಿದ್ದ. ಅವನನ್ನು ಸುಮ್ಮನಾಗಿಸಲು ಗಡಿಬಿಡಿ ಬಕೆಟ್ಟನ್ನು ಬೋರಲು ಹಾಕಿ, ಎರಡು ಕಡ್ಡಿ ಹಿಡಿದು ಬಡಿಯತೊಡಗಿದಳು. ಟಕಟಕ ಟಕಟಕ ಟಕಟಕ. ಜಿಗಣೆ ಬಾಯಿ ತೆರೆದುಕೊಂಡು ನೋಡಿದ. ಸಾಲಿನಲ್ಲಿದ್ದವರೂ ನೋಡಿದರು.

ನಲ್ಲಿಯ ಎದುರಿಗೇ ವಾದ್ಯ ರಿಪೇರಿಯ ಅಂಗಡಿ. ಅದರ ಒಡತಿಯನ್ನು ಮಕ್ಕಳು ರಿಪೇರಿ ಅತ್ತೆ ಅನ್ನುತ್ತಿದ್ದರು. ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಅಂಟಿನ ಕುಂಚ, ಮೂಗಿನ ತುದಿಯಲ್ಲಿ ಕೋಪ. ಆ ದಿನವೂ ಹಾಗೆಯೇ ಹೊರಗೆ ಬಂದಳು.

"ಯಾರೇ ಅದು ಬಡೀತಿರೋದು?"

ಸಾಲಿನಲ್ಲಿದ್ದವರ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು. ಗಡಿಬಿಡಿ ಕಡ್ಡಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ತಪ್ಪಾಯ್ತು ಅತ್ತೆ, ನಿಲ್ಲಿಸ್ತೀನಿ."

"ನಿಲ್ಲಿಸು ಅಂದ್ನಾ ನಾನು? ಯಾರು ಅಂತ ಕೇಳ್ದೆ, ಅಷ್ಟೇ. ಕೈ ಚೆನ್ನಾಗಿದೆ. ಆದ್ರೆ ಹಿಂದಿನಿಂದ ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ ಬಾರಿಸ್ತೀಯಲ್ಲ, ಯಾರದು?"

ಗಡಿಬಿಡಿ ನಿಜವಾಗಿಯೂ ಹಿಂದೆ ತಿರುಗಿ ನೋಡಿದಳು. ಸಾಲೆಲ್ಲ ಗೊಳ್ಳೆಂದಿತು. ಅತ್ತೆ ಮಾತ್ರ ನಗಲಿಲ್ಲ. "ನೀರು ಹಿಡಿದಿಟ್ಟು ಬಾ," ಅಂದಳು.

ಅಂಗಡಿಯೊಳಗೆ ಅಂಟಿನ ವಾಸನೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕತ್ತಿಲ್ಲದ ಪಿಟೀಲುಗಳು ಜೋತುಬಿದ್ದಿದ್ದವು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಸಿಕೊಂಡ ಅಕಾರ್ಡಿಯನ್ನೊಂದು ರೋಗಿಯ ಹಾಗೆ ಮಲಗಿತ್ತು. ಅತ್ತೆಗೆ ಒಂದು ಸಣ್ಣ ವಾದ್ಯತಂಡವೂ ಇತ್ತು. ಅಕಾರ್ಡಿಯನ್ ಅವಳದೇ, ಟ್ರಂಪೆಟ್ ಮೂಲೆಯ ಇಸ್ತ್ರಿ ಅಂಗಡಿಯ ಮಾವನದು, ಕ್ಲಾರಿನೆಟ್ ಅಂಚೆಯಣ್ಣನದು. ಡ್ರಮ್ ಬಾರಿಸುತ್ತಿದ್ದವನು ಬೇರೆ ಊರಿಗೆ ಹೋದ ಮೇಲೆ ಮೂವರೂ ಮೂರು ದಾರಿ ಹಿಡಿದು, ಹಾಡಿನ ಕೊನೆಗೆ ಹೇಗೋ ಒಂದೆಡೆ ಸೇರುತ್ತಿದ್ದರು. ಕೆಲವು ಸಲ ಅದೂ ಇಲ್ಲ.

ಡ್ರಮ್ ಸಿಗುತ್ತದೆಂದು ಆಸೆಯಿಂದ ಬಂದ ಗಡಿಬಿಡಿಗೆ ಸಿಕ್ಕಿದ್ದು, ಹಳೇ ಟೈರಿನ ರಬ್ಬರು ಬಡಿದ ಒಂದು ಹಲಗೆ ಮತ್ತು ಒಂದು ಜೊತೆ ಕೋಲು.

"ಒಂದು ಏಟು ಹಾಕು. ಆಮೇಲೆ ಇನ್ನೊಂದು," ಅಂದಳು ಅತ್ತೆ. "ಎರಡರ ಮಧ್ಯೆ ಇರೋ ಜಾಗ ಇದ್ಯಲ್ಲ, ಅದು ನಿಂದು. ಅದನ್ನ ಯಾರಿಗೂ ಬಿಟ್ಟುಕೊಡ್ಬೇಡ."

"ಅಷ್ಟೇನಾ?"

"ಅಷ್ಟೇ. ಮಾಡು ನೋಡೋಣ."

ಮಾಡಿದರೆ ಆಗಲೇ ಇಲ್ಲ. ಮೊದಲಿನ ನಾಲ್ಕು ಏಟು ನಡೆಯುತ್ತಿದ್ದವು, ಆಮೇಲಿನವು ಓಡುತ್ತಿದ್ದವು. ಅತ್ತೆ ಕೈ ಎತ್ತುತ್ತಿದ್ದಳು, ಗಡಿಬಿಡಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಇದೆಂಥ ಸಂಗೀತ, ಹಿಟ್ಟು ನಾದುವುದೇ ವಾಸಿ ಎಂದು ಗೊಣಗುತ್ತ ಮನೆಗೆ ಹೋದಳು. ಮರುದಿನ ನೀರಿನ ಹೊತ್ತಿಗಿಂತ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಳು.

ರಬ್ಬರಾದ್ದರಿಂದ ಸದ್ದು ಹೆಚ್ಚಿರಲಿಲ್ಲ. ಅದಕ್ಕೇ ಹಲಗೆಯನ್ನು ಮನೆಗೆ ಒಯ್ಯಲು ಧೈರ್ಯ ಬಂತು. ಒಂದು ಸಂಜೆ ಎಲ್ಲವೂ ಒಟ್ಟಿಗೆ ಕೆಟ್ಟಿತು. ಹಾಲು ಉಕ್ಕಿ ಒಲೆ ಆರಿತು, ಅದನ್ನು ಇಳಿಸುವಾಗ ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಊರೆಲ್ಲ ಕೇಳುವಂತೆ ಠಣಾರೆಂದಿತು, ಅಪ್ಪ ಕಿರುಚಿದ, ಜಿಗಣೆ ಹೆದರಿ ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳತೊಡಗಿದ. ಅಮ್ಮ ಬರುವುದಕ್ಕೆ ಇನ್ನೂ ಹೊತ್ತಿತ್ತು. ಗಡಿಬಿಡಿಯ ಎದೆ ಢವಢವ ಹೊಡೆದುಕೊಂಡಿತು. ಏನು ಮಾಡಬೇಕೋ ತೋಚದೆ ತಮ್ಮನನ್ನು ಪಕ್ಕಕ್ಕೆ ಎಳೆದುಕೊಂಡು, ನೆಲದ ಮೇಲೆ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಏಟು. ಇನ್ನೊಂದು. ಮತ್ತೊಂದು.

ಎಷ್ಟು ಹೊತ್ತು ಬಾರಿಸಿದಳೋ ಗೊತ್ತಿಲ್ಲ. ಜಿಗಣೆಯ ಬಿಕ್ಕು ಮೊದಲು ಆ ಏಟಿಗೆ ಅಡ್ಡ ಬರುತ್ತಿತ್ತು, ಆಮೇಲೆ ಅದರ ಜೊತೆಗೆ ಸೇರಿತು, ಆಮೇಲೆ ನಿಂತೇಹೋಯಿತು. ಅವಳ ಎದೆಬಡಿತವೂ ಇಳಿಯಿತು. ಮನೆಯಲ್ಲಿ ಯಾರು ಕೂಗಲಿ, ಏನು ಉಕ್ಕಲಿ, ಈ ರಬ್ಬರಿನ ತುಂಡಿನ ಮೇಲೆ ಮುಂದಿನ ಏಟು ಯಾವಾಗ ಬೀಳಬೇಕು ಅನ್ನುವುದು ಮಾತ್ರ ತನ್ನ ಕೈಯಲ್ಲಿದೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಎದ್ದು ಒಲೆ ಒರೆಸಿ, ಉಳಿದ ಹಾಲನ್ನು ಮೂರು ಲೋಟಕ್ಕೆ ಬಗ್ಗಿಸಿದಳು.

ಅಂದಿನಿಂದ ದಿನಾ ಸಂಜೆ ಅದೇ ಜಾಗ, ಅದೇ ಹಲಗೆ. ಬಿಡಿ ಏಟುಗಳು ಸಾಲಾದವು, ಸಾಲುಗಳು ಮರಳಿ ಮರಳಿ ಸುತ್ತುವ ತಾಳವಾದವು. ಒಂದು ದಿನ ಹೀಗೇ ಬಾರಿಸುತ್ತಿರುವಾಗ ಒಳಕೋಣೆಯಿಂದ ಗೋಡೆಯೇ ಮಾತಾಡಿದ ಹಾಗೆ ದನಿ ಬಂತು.

"ಮೂರನೇದು ಮಿಸ್ ಹೊಡೀತಿದೆ."

ಗಡಿಬಿಡಿಯ ಕೋಲು ಗಾಳಿಯಲ್ಲೇ ನಿಂತಿತು. "ಏನಪ್ಪಾ?"

"ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಸರಿಯಾಗಿ ಉರೀದಿದ್ರೆ ಹೀಗೇ ಆಗೋದು. ಮೂರನೇ ಏಟು ಸೊರಗಿದೆ. ಎಡಗೈಯಲ್ಲಿ ಹೊಡೀತೀಯಾ ಅದನ್ನ?"

"ಹೂಂ."

"ನಿನ್ನ ಎಡಗೈ ಸೋಮಾರಿ."

ಆ ತಿಂಗಳಲ್ಲಿ ಅಪ್ಪ ಆಡಿದ ಅತಿ ಉದ್ದದ ಮಾತು ಅದು. ಗಡಿಬಿಡಿ ಎಡಗೈಯನ್ನು ಗದರಿಸಿಕೊಂಡು ಮತ್ತೆ ಬಾರಿಸಿದಳು. ಒಳಗಿನಿಂದ, "ಹಾಂ, ಈಗ ಪರವಾಗಿಲ್ಲ," ಎಂದಿತು ಗೋಡೆ.

ದಿನ ಕಳೆದಂತೆ ಗೋಡೆಗೆ ಮಾತು ಹೆಚ್ಚಾಯಿತು. "ಗೇರ್ ಇಳಿಸು." "ಸುಮ್ನೆ ಯಾಕೆ ಆಕ್ಸಿಲರೇಟರ್ ಒತ್ತುತೀಯ?" ಒಂದು ದಿನ ಗಡಿಬಿಡಿ ಹಳೇ ಚಾಳಿಯಂತೆ ಏಟುಗಳನ್ನು ಓಡಿಸಿದಾಗ, "ಇಳಿಜಾರಲ್ಲಿ ಬಿಟ್ಟ ಹಾಗೆ..." ಎಂದು ಶುರುಮಾಡಿದ ಅಪ್ಪನ ದನಿ ಅಲ್ಲಿಗೇ ನಿಂತಿತು. ಅವಳು ಕೋಲುಗಳನ್ನು ಕೆಳಗಿಟ್ಟಳು. ಇನ್ನು ಮತ್ತೆ ಮೌನ, ಎಲ್ಲ ಮುಗಿಯಿತು ಅಂದುಕೊಂಡಳು. ಅಷ್ಟರಲ್ಲಿ ಮಂಚ ಕಿರುಗುಟ್ಟಿತು. ಅಪ್ಪ ಊರುಗೋಲು ಹಿಡಿದು ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ ನಿಂತ.

"ಇಳಿಜಾರಲ್ಲಿ ಕೆಳಗಿನ ಗೇರಲ್ಲೇ ಇಳೀಬೇಕು ಮಗಳೇ. ಬ್ರೇಕ್ ನಂಬ್ಕೊಂಡು ಕೂರಬಾರ್ದು. ನಾನು ಆವತ್ತು ಇದ್ದದ್ದೂ ಕೆಳಗಿನ ಗೇರಲ್ಲೇ. ಅದಕ್ಕೇ ಎಲ್ರೂ ಉಳ್ಕೊಂಡ್ರು."

ಅಷ್ಟು ಹೇಳಿ, ಇದು ತನಗೇ ಈಗ ಗೊತ್ತಾಯಿತು ಅನ್ನುವ ಹಾಗೆ ಹುಬ್ಬೇರಿಸಿದ. ಆಮೇಲೆ, "ಹಾಲಿದ್ಯಾ?" ಎಂದು ಕೇಳಿದ.

ರಿಪೇರಿ ಅತ್ತೆ ಹಳೇ ಡ್ರಮ್ಮಿಗೆ ಹೊಸ ಚರ್ಮ ಬಿಗಿದು ಕೊಟ್ಟದ್ದು ಆ ವಾರವೇ. ನಾಲ್ವರೂ ಕೂತು ನುಡಿಸಿದಾಗ, ಇಸ್ತ್ರಿ ಮಾವ ಟ್ರಂಪೆಟ್ ಇಳಿಸಿ, "ಅರೆರೆ, ನಾವು ಇಷ್ಟು ದಿನ ನುಡಿಸ್ತಿದ್ದದ್ದು ಇದೇ ಹಾಡೇನ್ರೀ?" ಎಂದು ಕೇಳಿದ.

ಇಸ್ತ್ರಿ ಮಾವ ಬಸ್ ಡಿಪೋದವರ ಸಮವಸ್ತ್ರಕ್ಕೆಲ್ಲ ಇಸ್ತ್ರಿ ಹಾಕುವವನು. ಅಲ್ಲಿನ ಹಿರಿಯ ಮೆಕ್ಯಾನಿಕ್ಕು, ಎಲ್ಲರೂ ಗ್ರೀಸ್ ತಾತ ಅನ್ನುವ ಮುದುಕ, ಕೆಲಸದಿಂದ ನಿವೃತ್ತನಾಗುತ್ತಿದ್ದ. ಬೀಳ್ಕೊಡುಗೆಗೆ ವಾದ್ಯ ಬೇಕೆಂದು ಡಿಪೋದವರು ಕೇಳಿದಾಗ ಮಾವ ಹಿಂದೆಮುಂದೆ ನೋಡದೆ ಒಪ್ಪಿಕೊಂಡು ಬಂದಿದ್ದ. ಅದು ಅಪ್ಪನ ಡಿಪೋ. ಅಪಘಾತವಾದ ಮೇಲೆ ಅಪ್ಪ ಆ ಕಡೆ ತಲೆಹಾಕಿರಲಿಲ್ಲ. ಹೊಸ ಡ್ರೈವರುಗಳಿಗೆ ಕಲಿಸಲು ಬಾ ಎಂದು ಅಲ್ಲಿಂದ ಹೇಳಿಕಳಿಸಿದರೂ ಉತ್ತರ ಕೊಟ್ಟಿರಲಿಲ್ಲ.

ಗಡಿಬಿಡಿ ಊಟಕ್ಕೆ ಕೂತಾಗ ವಿಷಯ ಹೇಳಿದಳು. ಅಪ್ಪನ ಮುಖ ಸಪ್ಪಗಾಯಿತು. "ನಾನು ಬರಲ್ಲ."

ಮೊದಲಿನ ಗಡಿಬಿಡಿಯಾಗಿದ್ದರೆ ಅಳುತ್ತಿದ್ದಳು, ಇಲ್ಲವೇ ತಾನೂ ಹೋಗುವುದಿಲ್ಲ ಅನ್ನುತ್ತಿದ್ದಳು. ಈಗ ಕೈಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. "ಬಾ ಅಂತ ನಾನು ಕರೀಲಿಲ್ಲಪ್ಪಾ. ನಾನು ಹೋಗ್ತೀನಿ ಅಂತ ಹೇಳ್ದೆ."

ಅಮ್ಮ ನಗು ತಡೆಯಲಾರದೆ ನೀರಿನ ಲೋಟವನ್ನು ಬಾಯಿಗೆ ಅಡ್ಡ ಹಿಡಿದಳು. ಬೀಳ್ಕೊಡುಗೆಯ ದಿನ ಬೇಕರಿಯಿಂದ ಬೇಗ ಹೊರಟು ಹೇಗಾದರೂ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಳು.

ಡಿಪೋದ ಅಂಗಳದಲ್ಲಿ ಬಸ್ಸುಗಳ ನಡುವೆ ಕುರ್ಚಿ ಹಾಕಿದ್ದರು. ಡೀಸೆಲ್ ವಾಸನೆ, ತೊಳೆದ ನೆಲ, ಒಗೆದ ಅಂಗಿ ತೊಟ್ಟು ಗುರುತೇ ಸಿಗದಂತಾದ ಗ್ರೀಸ್ ತಾತ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಜಿಗಣೆಯೂ ಬಂದಿದ್ದ. ವಾದ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಅಕ್ಕನ ಬಲಗಾಲಿಗೆ ಅಂಟಿಕೊಂಡ.

ಮೊದಲ ಹಾಡಿಗೆ ಚಪ್ಪಾಳೆ ಬಿತ್ತು. ಅದೇ ಇಸ್ತ್ರಿ ಮಾವನ ತಲೆಗೇರಿತು. ಎರಡನೆಯದರಲ್ಲಿ ಟ್ರಂಪೆಟ್ ಹಗ್ಗ ಬಿಚ್ಚಿದ ಕರುವಿನಂತೆ ಕಿತ್ತುಕೊಂಡು ಓಡಿತು. ಅದನ್ನು ಹಿಡಿಯಲು ಅಂಚೆಯಣ್ಣನ ಕ್ಲಾರಿನೆಟ್ಟೂ ಓಡಿತು. ಅತ್ತೆ ಇಬ್ಬರನ್ನೂ ಕಣ್ಣಲ್ಲೇ ಸುಟ್ಟಳು, ಉಪಯೋಗವಾಗಲಿಲ್ಲ. ಗಡಿಬಿಡಿಗೂ ಕೈ ತುರಿಸಿತು. ಎಲ್ಲರೂ ಓಡುವಾಗ ತಾನೊಬ್ಬಳೇ ನಡೆಯುವುದು ಎಷ್ಟು ಕಷ್ಟ ಅನ್ನುವುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು! ಆದರೂ ಬಿಡಲಿಲ್ಲ. ಕೆಳಗಿನ ಗೇರಿನಲ್ಲೇ, ಒಂದು ಕೂದಲೆಳೆಯಷ್ಟೂ ಜಗ್ಗದೆ, ಕಾಲಿಗೊಬ್ಬ ತಮ್ಮನನ್ನು ಕಟ್ಟಿಕೊಂಡೇ ಬಾರಿಸಿದಳು. ಮುಂದೆ ಹೋದ ಟ್ರಂಪೆಟ್ಟಿಗೆ ಒಂಟಿಯಾದೆನಲ್ಲ ಅನ್ನಿಸಿತೋ ಏನೋ, ಹೆಜ್ಜೆ ತಡವರಿಸಿತು, ನಿಂತಿತು, ನಾಚಿಕೊಂಡು ಹಿಂದೆ ಬಂದು ಡ್ರಮ್ಮಿನ ಪಕ್ಕ ಸೇರಿತು. ಹಿಂದಿನಿಂದ ಕ್ಲಾರಿನೆಟ್ಟೂ ಬಂತು. ಅತ್ತೆಯ ಕನ್ನಡಕ ತಲೆಯಿಂದ ಜಾರಿ ಮೂಗಿನ ಮೇಲೆ ಕೂತಿತು. ಅದರ ಹಿಂದೆ ಅವಳು ನಗುತ್ತಿದ್ದಳು.

ಹಾಡು ಮುಗಿದು ತಲೆಯೆತ್ತಿದಾಗ ಗೇಟಿನ ಬಳಿ ಅಪ್ಪ ನಿಂತಿದ್ದ. ತಲೆ ಬಾಚಿಕೊಂಡಿದ್ದ. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದನೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಇಸ್ತ್ರಿ ಮಾವ ಅದನ್ನು ನೋಡಿ ನೊಂದುಕೊಂಡ.

ಗ್ರೀಸ್ ತಾತ ಕುರ್ಚಿ ಬಿಟ್ಟು ಎದ್ದು ಹೋಗಿ ಅಪ್ಪನ ಎರಡೂ ತೋಳು ಹಿಡಿದ. "ನಿನ್ನ ಬಸ್ಸಿನ ಬ್ರೇಕ್ ನೋಡ್ಕೊಳ್ತಿದ್ದವನು ನಾನು. ಒಂದು ವರ್ಷದಿಂದ ನಿಮ್ಮ ಮನೆ ಮೆಟ್ಟಿಲ ತನಕ ಬರೋದು, ಮುಖ ತೋರಿಸೋಕಾಗ್ದೆ ವಾಪಸ್ ಹೋಗೋದು. ಹೀಗೇ ಆಯ್ತಪ್ಪಾ."

"ಹತ್ತಿ ಬಂದುಬಿಡಬೇಕಿತ್ತು ತಾತ," ಅಂದ ಅಪ್ಪ. "ನನಗೂ ಮೆಟ್ಟಿಲು ಇಳಿಯೋದು ಮರೆತೇಹೋಗಿತ್ತು."

ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಡಿಪೋದ ಮೇಲಧಿಕಾರಿ ಇದೇ ಸಮಯವೆಂದು ಹತ್ತಿರ ಬಂದ. "ಹೊಸ ಹುಡುಗರಿಗೆ ಕಲಿಸೋಕೆ ಬರ್ತೀರಾ ಅಂತ ಕೇಳಿದ್ವಿ..."

"ಮನೇಲಿ ಒಬ್ಬಳಿಗೆ ಕಲಿಸ್ತಾ ಇದೀನಿ ಸಾರ್," ಅಂದ ಅಪ್ಪ, ಗಡಿಬಿಡಿಯ ಕಡೆ ಕೈ ತೋರಿಸಿ. "ಎಡಗೈ ಇನ್ನೂ ಸ್ವಲ್ಪ ಸೋಮಾರಿ. ಆದ್ರೆ ಗಾಡಿ ಕೈ ತಪ್ಪೋಕೆ ಬಿಡಲ್ಲ. ಸೋಮವಾರದಿಂದ ಬರ್ಲಾ?"

ಎಲ್ಲ ಮುಗಿದು ತಂಡ ಅಪ್ಪನನ್ನೂ ಕರೆದುಕೊಂಡು ಓಣಿಗೆ ಮರಳಿತು. ವಾದ್ಯಗಳನ್ನು ಅಂಗಡಿಯೊಳಗೆ ಇಡುತ್ತಿರುವಾಗ ಅಮ್ಮ ಏದುಸಿರು ಬಿಡುತ್ತ ಓಡಿಬಂದಳು. ಹುಬ್ಬಿನ ಮೇಲೆಲ್ಲ ಹಿಟ್ಟು, ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. "ಬೇಕರಿ ಒಲೆ ಕೆಟ್ಟೋಯ್ತು, ಅವರು ನನ್ನ ಬಿಡಲೇ ಇಲ್ಲ. ಮುಗಿದೇಹೋಯ್ತಾ?" ಎಂದು ಕೇಳಿ, ಎಲ್ಲರ ಮುಖ ನೋಡಿ, ಉತ್ತರ ತಿಳಿದು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಮ್ಮ ಹಾಗೆ ಸುಮ್ಮನೆ ಕೂತದ್ದನ್ನು ಗಡಿಬಿಡಿ ನೋಡಿಯೇ ಎಷ್ಟೋ ಕಾಲವಾಗಿತ್ತು.

"ನನ್ನ ತುಟಿ ಊದಿ ಪೂರಿಯಾಗಿದೆ," ಎಂದ ಇಸ್ತ್ರಿ ಮಾವ ಯಾರೂ ಕೇಳದಿದ್ದರೂ.

"ನನಗೆ ನಾಳೆ ಎರಡು ಚೀಲ ಟಪಾಲು ಹಂಚೋದಿದೆ," ಎಂದ ಅಂಚೆಯಣ್ಣ.

ರಿಪೇರಿ ಅತ್ತೆ ಆಗಲೇ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದಳು. ಓಣಿಯ ನಡುವೆ, ಅಮ್ಮ ಒಬ್ಬಳಿಗಾಗಿಯೇ, ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಕಿಟಕಿಗಳು ತೆರೆದುಕೊಂಡವು. ಅಪ್ಪ ಕಟ್ಟೆಯ ಮೇಲೆ ಅಮ್ಮನ ಪಕ್ಕ ಜಾಗ ಮಾಡಿಕೊಂಡು ಸೋಮವಾರದ ಸುದ್ದಿ ಹೇಳಲು ಬಾಯಿ ತೆರೆದ. ಅಮ್ಮ ಅವನ ಕೈ ಮೇಲೆ ಮೆತ್ತಗೆ ಹೊಡೆದು, "ಷ್, ಆಮೇಲೆ ಹೇಳ್ರೀ, ಈಗ ಕೇಳಿಸ್ಕೊಳ್ಳೋಣ," ಅಂದಳು.

ಹಾಡು ಮುಗಿಯಿತು. ಅಮ್ಮ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದಳು. ಟ್ರಂಪೆಟ್ಟಿನವನಿಗೆ ದೊಡ್ಡ ತುಂಡು ಕೊಟ್ಟು, "ತಿಂದು ಮುಗಿಸಿ ಅಣ್ಣಾ," ಅಂದಳು, "ಆಮೇಲೆ ಇನ್ನೊಂದು ಸಲ."