ಮೂರನೇ ಭೇಟಿ

"ಹಿಡಿ, ಹಿಡಿ, ಚೆಲ್ಲಬ್ಯಾಡ," ಎನ್ನುತ್ತ ಕಮಲಕ್ಕ ತುಂಬಿದ ಕೊಡವನ್ನು ಕೀರ್ತನಾಳ ಕೈಗೆ ದಾಟಿಸಿದಳು. ಬೀದಿ ನಲ್ಲಿಯಿಂದ ಮನೆಯ ಬಾಗಿಲವರೆಗೆ ಹೆಂಗಸರು ಸಾಲಾಗಿ ನಿಂತಿದ್ದರು. ಒಳಗೆ, ಸೀರೆ ಅಡ್ಡ ಕಟ್ಟಿದ ಮೂಲೆಯಲ್ಲಿ, ದಿಲ್ಷಾದ್ ಬೇಗಂಗೆ ಕೊನೆಯ ಸ್ನಾನ ನಡೆಯುತ್ತಿತ್ತು.

ಕೀರ್ತನಾ ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದದ್ದು ಆ ಮುದುಕಿಯನ್ನು ಮಾತಾಡಿಸಲು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಈ ಓಣಿಗೆ ಕಾಲಿಡುತ್ತಲೇ ಜನ ಸೇರಿದ್ದು ಕಂಡಿತು. ತಿರುಗಿ ಹೋಗುವಷ್ಟರಲ್ಲಿ, ಇವಳೂ ಬೇಕಾದವಳೇ ಇರಬೇಕೆಂದು ಯಾರೋ ಕೊಡ ಕೊಟ್ಟಿದ್ದರು.

"ಭಟ್ಟಿ ಸಾಹುಕಾರ ಬರ್ಲಿಲ್ಲೇನು?" ಸಾಲಿನಲ್ಲೊಬ್ಬಳು ಕೇಳಿದಳು.

"ಬರ್ತಾನೆ ತಗಾ, ಲೋಡು ಕಳಿಸಿ ಬರ್ತಾನೆ," ಅಂದಳು ಕಮಲಕ್ಕ. "ನಲವತ್ತು ವರ್ಷ ನನ್ನ ಜತೆ ಅಲ್ಲಿ ಜರಡಿ ಹಿಡಿದಾಕಿ. ಮಂಡಕ್ಕಿ ಮೆತ್ತಗಾದ್ರೆ ಅವನ ಮುಂದೇನೇ ಅಂತಿದ್ಲು, 'ಸಾಹುಕಾರ್ರೇ, ಇದನ್ನ ನನ್ನಂಥ ಬೊಚ್ಚುಬಾಯೋರಿಗೆ ಅಂತ್ಲೇ ಹುರಿಸೀರೇನು?' ಅಂತ."

ನಗು ಸಣ್ಣಗೆ ಸಾಲಿಡೀ ಹರಿದು, ಒಳಗಿನ ಅಳು ಕೇಳಿ ನಿಂತಿತು.

ಖಾಲಿ ಕೊಡ ಹಿಡಿದು ನುಜತ್ ಹೊರಗೆ ಬಂದಳು. ಗೋಡೆಗೆ ಗೋಡೆ ಹತ್ತಿದ ಮನೆಯವಳು. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿಯನ್ನು ಖಾಲಾ, ಚಿಕ್ಕಮ್ಮ, ಎಂದು ಕರೆದು ಅನ್ನ ಹಾಕಿದ್ದು ಅವಳೇ. "ನಾನೇ ಕೊಂದೆ ಕಮಲಕ್ಕ. ಖಾಲಾನ ಬೆನ್ನು ನೋಡಿದ್ಯಾ? ಅಂಗೈಯಷ್ಟು ಹುಣ್ಣು."

"ಸುಮ್ನಿರು. ನೀನೇನು ಮಾಡ್ತೀ?"

"ಸೊಂಟ ಮುರಿದ್ಮ್ಯಾಲೆ ಎದ್ದೇ ಇಲ್ಲ ಅವಳು. ನಾಯಿ ನುಗ್ತಾವೆ ಅಂತ ಹೊರಗಿಂದ ಬೀಗ ಹಾಕ್ಕೊಂಡು ಭಟ್ಟಿಗೆ ಹೋಗ್ತಿದ್ದೆ. ಸಂಜೆ ತನಕ ಮಗ್ಗಲು ಹೊರಳಿಸೋರಿಲ್ಲ. ನರ್ಸಮ್ಮ ಮನೀಗೇ ಬಂದು ಹುಣ್ಣು ತೊಳಿತಾರೆ ಅಂತ ಅರ್ಜಿ ಬರೆಸಿದ್ದೆ. ಯಾರೂ ಬರ್ಲೇ ಇಲ್ಲ."

"ನಮ್ಮ ಓಣಿಗೆ ಯಾರು ಬರ್ತಾರೆ ಬಿಡು. ವೋಟಿಗಾಗಿದ್ರೆ ಬರ್ತಿದ್ರು."

ಕೀರ್ತನಾಳ ಕೈಯ ಕೊಡದಿಂದ ನೀರು ತುಳುಕಿ ಪಾದದ ಮೇಲೆ ಬಿತ್ತು.

*

ಹಾಸಿಗೆ ಹಿಡಿದವರ ಮನೆಗೇ ನರ್ಸ್ ಕಳಿಸುವ ಸಂಸ್ಥೆಯೊಂದರಲ್ಲಿ, ಅರ್ಜಿ ಕೊಟ್ಟವರ ಮನೆಗೆ ಹೋಗಿ, ಸ್ಥಿತಿ ನೋಡಿ ಬರೆದುಕೊಂಡು ಬರುವುದು ಕೀರ್ತನಾಳ ಕೆಲಸ. ಅವಳು ಬರೆದ ಮೇಲೆಯೇ ಸಂಸ್ಥೆಯ ನರ್ಸ್ ಹೊರಡುವುದು. ಮೂರು ಸಲವೂ ಬೀಗವಿದ್ದರೆ ಹೆಸರು ಹೊಡೆದುಹಾಕಬೇಕು.

ದಿಲ್ಷಾದ್ ಬೇಗಂ ಮನೆಗೆ ಮೊದಲ ಸಲ ಬಂದಾಗ ಬೀಗ. ಎರಡನೇ ಸಲವೂ ಬೀಗ. ಅಕ್ಕಪಕ್ಕ ಕೇಳಬಹುದಿತ್ತು. ಎದುರು ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಉರ್ದುವಿನಲ್ಲಿ ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ ಅವಳು ಬಸ್‌ಸ್ಟ್ಯಾಂಡಿನವರೆಗೂ ನಡೆದುಬಿಟ್ಟಿದ್ದಳು.

ಮೂರನೇ ಸಲ ಬೀಗವನ್ನು ಮುಟ್ಟಿ ನೋಡಿದಳು. ಒಳಗಿನಿಂದ ದನಿ ಬಂತು.

"ಯಾರವ್ವ ಅದು?"

ಕನ್ನಡವೇ. ಆದರೂ ನಾಲಿಗೆ ಏಳಲಿಲ್ಲ. ಕೂಡಿಹಾಕಿದವರು ಎಂಥವರೋ, ಕೇಳಿದರೆ ಜಗಳವಾದೀತೋ, ಕಟ್ಟೆಯ ಮೇಲಿನವರೆಲ್ಲ ಎದ್ದು ಬಂದರೆ?

"ನಿಂತೀಯಲ್ಲ, ಮಾತಾಡವ್ವ."

ಅವಳು ಸದ್ದಾಗದಂತೆ ತಿರುಗಿದಳು. ಆಟೋದಲ್ಲಿ ಕೂತು ಬರೆದಳು: ಬೀಗ ಹಾಕಿದೆ. ಮನೆಯಲ್ಲಿ ಯಾರೂ ಇಲ್ಲ.

ಆ ಸಾಲು ಬರೆದು ಐದು ವಾರ. ದಿನವೂ ನಾಳೆ ಹೋಗುತ್ತೇನೆ ಅಂದುಕೊಂಡಿದ್ದಳು.

*

"ನೀನು ಯಾರ ಕಡೆಯಾಕಿ?" ನುಜತ್ ಈಗ ಅವಳನ್ನೇ ನೋಡುತ್ತಿದ್ದಳು.

ಬಂದಿದ್ದೆ, ಬೀಗ ಇತ್ತು ಎಂದರೆ ಸಾಕಿತ್ತು. ಅದು ಸುಳ್ಳೇನಲ್ಲ. ಆದರೆ ತಪ್ಪೆಲ್ಲ ನೇರ ನುಜತ್‌ಳ ಕೊರಳಿಗೆ ಬೀಳುತ್ತಿತ್ತು.

"ಅಕ್ಕಾ, ಅರ್ಜಿ ನೋಡೋಕೆ ಬರ್ತಿದ್ದೋಳು ನಾನೇ. ಮೂರು ಸಲ ಬಂದೆ."

ನುಜತ್ ಖಾಲಿ ಕೊಡ ಕೆಳಗಿಟ್ಟಳು. "ಬೀಗ ಇತ್ತಲ್ಲ… ಯಾ ಅಲ್ಲಾ, ನನ್ನ ಬೀಗ…"

"ಬೀಗದಿಂದ ಅಲ್ಲ ಅಕ್ಕಾ. ಒಳಗಿಂದ ಯಾರು ಅಂತ ಕೇಳಿದ್ರು. ನಾನು ಮಾತಾಡ್ಲಿಲ್ಲ. ಯಾರೂ ಇಲ್ಲ ಅಂತ ಬರೆದ್ಕೊಂಡು ಹೋದೆ."

"ಏನಂದೀ?" ಕಮಲಕ್ಕ ಕೊಡವನ್ನು ನೆಲಕ್ಕೆ ಕುಕ್ಕಿದಳು. ನುಜತ್ ಕೈಯೆತ್ತಿ ತಡೆದಳು.

"ಖಾಲಾ ಹೇಳಿದ್ಲು," ಅಂದಳು ನಿಧಾನಕ್ಕೆ. "ಬಾಗ್ಲತ್ರ ಯಾವುದೋ ಹುಡುಗಿ ನಿಂತಿತ್ತು, ಬಳೆ ಸದ್ದು ಕೇಳ್ತು, ಕರೆದ್ರೆ ಹೋಯ್ತು ಅಂತ. ಜ್ವರಕ್ಕೆ ಬಡಬಡಿಸ್ತಾಳೆ ಅಂದ್ಕೊಂಡೆ. ಯಾರೂ ಬಂದಿಲ್ಲ, ಸುಮ್ನೆ ಮಲ್ಕೋ ಅಂತ ಬೈದೆ. ಆಮ್ಯಾಲೆ ಹೇಳೋದೇ ಬಿಟ್ಲು."

ಒಳಗೆ ಸ್ನಾನ ಮುಗಿದು ಬಿಳಿ ಬಟ್ಟೆ ಹೊದಿಸುವ ಹೊತ್ತಿಗೆ ಓಣಿಯ ತುದಿಯಿಂದ ಗಂಡಸರ ಕೂಗು ಬಂತು: "ಮುಖ ನೋಡೋರು ನೋಡ್ಬಿಡ್ರಿ. ಹೊತ್ತಾಯ್ತು."

ನುಜತ್ ಕೀರ್ತನಾಳ ಮುಂಗೈ ಹಿಡಿದು ಎಳೆದಳು.

"ಬ್ಯಾಡ ಅಕ್ಕಾ."

"ಬ್ಯಾಡ ಅನ್ನಂಗಿಲ್ಲ. ಬಾ."

ಒಳಗೆ ಕೂತಿದ್ದ ಹೆಂಗಸರು ಮೊಣಕಾಲು ಮಡಚಿ ದಾರಿ ಬಿಟ್ಟರು. ಕರ್ಪೂರದ ವಾಸನೆ. ನುಜತ್ ಮುಖದ ಮೇಲಿನ ಬಿಳಿ ಬಟ್ಟೆ ಸರಿಸಿದಳು. ಕೀರ್ತನಾ ಆ ಮುಖವನ್ನು ನೋಡಿದ್ದು ಅದೇ ಮೊದಲು.

"ಖಾಲಾ, ನೀ ಹೇಳಿದ್ದು ಖರೆ. ತಪ್ಪಾಯ್ತು ನಂದು. ಇಲ್ಲಿ ನೋಡು, ಬಂದಾಳೆ." ನುಜತ್ ಪಕ್ಕಕ್ಕೆ ಸರಿದು ಕೀರ್ತನಾಳತ್ತ ತಿರುಗಿದಳು. "ಕೇಳಿದ್ಲಲ್ಲ, ಯಾರು ಅಂತ. ಹೇಳು."

ಕೀರ್ತನಾ ಮೊಣಕಾಲೂರಿ ಬಗ್ಗಿದಳು. ಹೇಳಲು ಬಾಯಿ ತೆರೆದಾಗ ಕಂಡಿತು: ಎರಡೂ ಕಿವಿಗೆ ಹತ್ತಿ ಇಟ್ಟಿದ್ದರು.