ಅಪ್ಪಣೆಯಕ್ಕನ ಮೂರನೇ ಚರಣ

ಬೇರೆಯವರ ಹಾಡನ್ನು ಎತ್ತಿಕೊಳ್ಳುವ ಮೊದಲು, ಅದನ್ನು ಬರೆದವರ ಹೆಸರನ್ನೂ ರಾಗ ಕಟ್ಟಿದವರ ಹೆಸರನ್ನೂ ಹೇಳದೆ ಅವಳು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಮದುವೆಯ ಊಟದ ಸಾಲಿನಲ್ಲಿ ಜನ ತಟ್ಟೆ ಹಿಡಿದು ನೂಕಾಡುತ್ತಿರಲಿ, ಮದುಮಗನ ಗೆಳೆಯರು ಕುಣಿಯಲು ತುದಿಗಾಲಲ್ಲಿ ನಿಂತಿರಲಿ, ಅವಳು ಮೈಕಿನ ಮುಂದೆ ಕೈ ಕಟ್ಟಿ ನಿಂತು, ಆ ಹೆಸರುಗಳನ್ನು ಮನೆಗೆ ಬಂದ ಹಿರಿಯರನ್ನು ಒಳಗೆ ಕರೆಯುವಷ್ಟು ನಿಧಾನವಾಗಿ ಹೇಳಿದ ಮೇಲೆಯೇ ಮೇಳದವರಾದ ನಮ್ಮ ಕಡೆ ತಿರುಗಿ ತಲೆಯಾಡಿಸುತ್ತಿದ್ದಳು.

"ಅಕ್ಕಾ, ಮೊದ್ಲು ಹಾಡು. ಹಾಜರಿ ಆಮೇಲೆ ಕೂಗುವಿಯಂತೆ" ಎಂದು ಡ್ರಮ್ಮಿನವನು ಹಿಂದಿನಿಂದ ಗೊಣಗುತ್ತಿದ್ದ.

ಹಗಲಲ್ಲಿ ಅವಳು ದರ್ಜಿ. ಅಂಗಡಿಯ ಕುರ್ಚಿಯಲ್ಲಿ ಮಲಗಿದ ಬೆಕ್ಕನ್ನು ಎಬ್ಬಿಸುವಾಗಲೂ "ಸ್ವಲ್ಪ ಕೂತ್ಕೊಳ್ಳಲಾ?" ಎನ್ನುವವಳು. ನಡಿಗೆಯೂ ಹಾಗೆಯೇ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಯಾರಿಗೋ ದಾರಿ ಬಿಟ್ಟುಕೊಟ್ಟಂತೆ ಬೀದಿಯ ಅಂಚು ಹಿಡಿದು ಓರೆಯಾಗಿ ಸಾಗುವಳು. ಯಾರೋ ರಿಪೇರಿಗೆ ಕೊಟ್ಟು ಮರೆತ ಉಣ್ಣೆಯ ಕೋಟೊಂದು ಅವಳ ಗೋಡೆಯಲ್ಲಿ ವರ್ಷಗಟ್ಟಲೆ ತೂಗುತ್ತಿತ್ತು. ಚಳಿಗೆ ಹಲ್ಲು ಕಟಕಟಿಸುತ್ತಾ ಹೊಲಿಗೆಯಂತ್ರ ತುಳಿದಾಳೇ ಹೊರತು ಅದರ ತೋಳಿನೊಳಗೆ ಕೈ ತೂರಿಸಿದವಳಲ್ಲ; ಹುಳು ಹಿಡಿಯದಿರಲೆಂದು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಅದೇ ಮೊಳೆಗೆ ತಗುಲಿಸುವಳು. ಇಂಥವಳಿಗೆ ಅಪ್ಪಣೆಯಕ್ಕ ಎಂಬ ಹೆಸರು ತಾನಾಗಿ ಅಂಟಿಕೊಂಡಿತು. ನಾನು ಅವಳ ಮೇಳದ ಕ್ಲಾರಿನೆಟ್ಟಿನವನು. ಯಾವ ಶಾಲೆಯ ಹೊಸ್ತಿಲನ್ನೂ ತುಳಿಯದೆ ಕಿವಿಯೊಂದನ್ನೇ ನೆಚ್ಚಿ ಕಲಿತವನು. ನನ್ನ ಕಿವಿಗೆ ಅವಳ ದನಿ ಅಪರೂಪದ್ದು ಎಂದರೆ ಅದನ್ನು ನೀವು ನಂಬಬಹುದು.

ಆ ದನಿಗೇ ಒಮ್ಮೆ ಗಂಡಾಂತರ ಬಂತು. ಗಂಟಲಲ್ಲಿ ಗಂಟು ಎದ್ದಿದೆ, ತೆಗೆಯಲೇಬೇಕು, ಆಮೇಲೆ ಹಾಡಲು ಬರುತ್ತದೆಯೋ ಇಲ್ಲವೋ ಹೇಳಲಾರೆ ಎಂದರು ವೈದ್ಯರು. ಅವಳು ಅಳಲಿಲ್ಲ. "ಅದಕ್ಕೆ ಮುಂಚೆ ಒಂದು ಹಾಡು ನನ್ನ ದನೀಲಿ ಉಳೀಬೇಕು ಅಣ್ಣ" ಎಂದಳು. ಯಾವ ಹಾಡೆಂದು ನಾನು ಕೇಳಬೇಕಾಗಿರಲಿಲ್ಲ. ದೀಪ ಆರಿಸಿದ ಮೇಲೂ ಹಾಸಿಗೆಯಲ್ಲಿ ಮಾತಾಡುತ್ತಲೇ ಇರುವ ಇಬ್ಬರು ಅಕ್ಕತಂಗಿಯರ ಹಾಡು. ಅವಳು ಅದನ್ನು ಹಾಡಿದ ಮದುವೆಯಲ್ಲೆಲ್ಲ ಮದುಮಗಳ ಒಡಹುಟ್ಟಿದವರು ಕಣ್ಣೊರೆಸಿಕೊಂಡಿದ್ದಾರೆ.

ಅಂದಿನಿಂದ ಅವಳು ಕಚೇರಿಗಳ ಮೆಟ್ಟಿಲು ಸವೆಸಿದಳು. ಸಭಾಂಗಣದಲ್ಲಿ ಹಾಡಲು ಸಭಾಂಗಣದವರು ಪಡೆದ ಪರವಾನಗಿ ಸಾಕು. ಅದೇ ಹಾಡನ್ನು ಧ್ವನಿಮುದ್ರಿಸಿ ಊರಿಗೆ ಹಂಚಲು ಬೇರೆ ಒಪ್ಪಿಗೆ ಬೇಕು. ವಿಡಿಯೊ ಮಾಡಿ ಹಾಕಿದರೆ ಇನ್ನೊಂದು.

"ಅವರ ರೆಕಾರ್ಡನ್ನ ನಾವೇನು ಕದ್ದು ಹಾಕ್ತೀವಾ? ನಾವೇ ಹಾಡಿ ನಾವೇ ಬಾರಿಸ್ತೀವಿ, ಇನ್ಯಾರನ್ನ ಕೇಳ್ಬೇಕು?" ಎಂದು ಡ್ರಮ್ಮಿನವನು ಸಿಡುಕಿದ.

"ಹೊಲಿಗೆ ನಮ್ದು ಕಣೋ, ಬಟ್ಟೆ ಅವರದ್ದು. ಹೊಲಿದವಳು ನಾನು ಅಂತ ಬಟ್ಟೆ ನಂದಾಗುತ್ತಾ?"

ಎಲ್ಲ ಒಪ್ಪಿಗೆಗಳೂ ಕೈಸೇರಿದವು, ಧ್ವನಿಮುದ್ರಣವೂ ಮುಗಿಯಿತು. ಹೊರಗೆ ಬಿಡುವ ಮೊದಲು ಹಾಡು ಬರೆದ ಕವಿಗೆ ಕೇಳಿಸಿ ಬರೋಣವೆಂದು ಅಕ್ಕ, ಡ್ರಮ್ಮಿನವನು, ನಾನು ಮೂವರೂ ಹೋದೆವು. ಮಗಳ ಮನೆಯ ಮಹಡಿಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದರು ಆ ವೃದ್ಧರು. ಕಣ್ಣು ಮಂದ, ಕಿವಿ ಚುರುಕು. ಹಾಡು ಹಚ್ಚಿದೆವು; ಕುರ್ಚಿಯ ಕೈಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ಮೂರನೇ ಚರಣ ಬಂದೊಡನೆ ನಿಂತಿತು.

"ಏನಮ್ಮಾ ಇದು? ನಾನು ಬರೆದದ್ದು ಎರಡೇ ಚರಣ."

ಅಕ್ಕನ ಮುಖ ಸುಣ್ಣದಂತಾಯಿತು. ಬಹಳ ಹಿಂದೆ ಯಾವುದೋ ಮದುವೆಯಲ್ಲಿ ಮದುಮಗಳು ಸಿಂಗರಿಸಿಕೊಂಡು ಬರುವುದು ತಡವಾಗಿ, ಹಾಡನ್ನು ಎಳೆಯಬೇಕಾಗಿ ಬಂದಾಗ, ಆ ಚರಣವನ್ನು ಇವಳೇ ನಿಂತ ಕಾಲಲ್ಲಿ ಕಟ್ಟಿ ಸೇರಿಸಿದ್ದಳು. ಜನ ಮೆಚ್ಚಿದರು, ಮತ್ತೆ ಮತ್ತೆ ಕೇಳಿದರು. ಹಾಡಿ ಹಾಡಿ ಅದೂ ಕವಿಯದೇ ಎಂದು ನಾವೆಲ್ಲ ನಂಬಿಬಿಟ್ಟೆವು, ಅವಳೂ ನಂಬಿದಳು. ಊರಿನವರ ಮಾತಿಗೆಲ್ಲ ಒಡೆಯರನ್ನು ಹುಡುಕಿದವಳು ತನ್ನ ಮಾತನ್ನೇ ಗುರುತು ಹಿಡಿಯದೆ, ಸಭೆ ಸಭೆಯಲ್ಲೂ ಇನ್ನೊಬ್ಬರ ಹೆಸರಿನಲ್ಲಿ ಸಾರುತ್ತಾ ಬಂದಿದ್ದಳು.

"ಅದು ನಂದು ಸರ್. ನನಗೇ ಮರೆತುಹೋಗಿತ್ತು. ಇರಲಿ ಅಂತೀರಾ?"

"ಚೆನ್ನಾಗಿದೆ, ಅದೇ ಕಷ್ಟ. ನನ್ನ ಅಕ್ಕತಂಗೀರು ಕತ್ತಲಲ್ಲಿ ಮಾತಾಡ್ತಾನೇ ಇರ್ತಾರೆ. ನೀನು ಬೆಳಗು ಮಾಡಿ ಒಬ್ಬಳನ್ನ ಗಂಡನ ಮನೆಗೆ ಕಳಿಸಿಬಿಟ್ಟೆ. ನಾನು ಕಳಿಸಿರಲಿಲ್ಲ ತಾಯಿ. ಅದೊಂದು ಬೇಡ, ಉಳಿದದ್ದು ಹಾಡು."

ಬೀದಿಗೆ ಇಳಿದದ್ದೇ ತಡ, ಡ್ರಮ್ಮಿನವನು ಹಾರಾಡಿದ. "ಮುದುಕನಿಗೆ ಹೊಟ್ಟೆಯುರಿ! ಆಪರೇಷನ್ನು ತಲೆ ಮೇಲೆ ಕೂತಿದೆ, ಹಂಗೇ ಬಿಟ್ಟುಬಿಡೋಣ ಅಕ್ಕ. ಜನ ಕೇಳೋದೇ ಆ ಚರಣಕ್ಕೆ."

ಅವಳು ನಡುಬೀದಿಯಲ್ಲೇ ನಿಂತಳು. "ಅವರ ಮನೇಲಿ ಅವರು ಕತ್ತಲು ಮಾಡ್ಕೊಂಡಿದ್ರೆ, ದೀಪ ಹಚ್ಚೋಕೆ ನಾನ್ಯಾರೋ?"

ಮುದ್ರಿಸಿದ್ದರಲ್ಲಿ ಆ ಚರಣವನ್ನಷ್ಟೇ ಕತ್ತರಿಸಿ ನೋಡಿದೆವು. ಆದರೆ ಅದನ್ನು ಹಾಡಿ ಬಂದ ದನಿಗೆ ಬೆಳಗಿನ ಬಣ್ಣ ಹತ್ತಿತ್ತು. ಕೊನೆಯ ಪಲ್ಲವಿ ಕತ್ತಲಿಗೆ ಒಗ್ಗಲಿಲ್ಲ. ಸೋತ ಗಂಟಲಿನಲ್ಲೇ ಅವಳು ಇಡೀ ಹಾಡನ್ನು ಮತ್ತೆ ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಒಂದೆಡೆ ಸೀಳಿತು. ಅದನ್ನು ತಿದ್ದಲು ಬಿಡಲಿಲ್ಲ. ಹಾಗೆಯೇ ಅದು ಜನರ ಮನೆಗಳಿಗೆ ಹೋಯಿತು, ಜನ ಹಾಗೆಯೇ ಅದನ್ನು ಒಪ್ಪಿಕೊಂಡರು.

ಶಸ್ತ್ರಚಿಕಿತ್ಸೆಯ ನಂತರ ಬಾಯಿಗೆ ಬೀಗ ಬಿದ್ದ ದಿನಗಳಲ್ಲಿ, ಹೊಲಿಗೆಯಂತ್ರದ ಮುಂದೆ ಕುಳಿತು, ಮನೆಯಿಲ್ಲದಂತಾದ ಆ ಚರಣದ ಸುತ್ತ ಅವಳೊಂದು ಹೊಸ ಹಾಡು ಕಟ್ಟಿದಳು. ಹಳೆಯ ರಾಗವೂ ಇನ್ನೊಬ್ಬರ ಸ್ವತ್ತೇ ತಾನೆ? ಹೊಸ ರಾಗ ನಾನು ಕೂಡಿಸಿದೆ; ಅದು ಸೊಗಸಾಗಿದೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಮರಳಿ ಬಂದ ದನಿ ತುಸು ತಗ್ಗಿನದು, ತುಸು ಒರಟು. ಹೊಸ ಹಾಡಿಗೆ ಅದು ಹೇಳಿ ಮಾಡಿಸಿದಂತಿತ್ತು.

ಮೊನ್ನೆ ಬೇರೊಂದು ಮೇಳದ ಗಾಯಕಿ ಅಂಗಡಿಯ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಹಾಡನ್ನ ನಾವೂ ರೆಕಾರ್ಡ್ ಮಾಡಬಹುದಾ?" ಎಂದು ಕೇಳಿದಳು. ಅಕ್ಕ ಸೂಜಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನನ್ನ ಮುಖ ನೋಡಿದಳು. ಜೀವಮಾನವೆಲ್ಲ ಕೇಳಿದವಳಿಗೆ ಕೊಡುವುದು ಹೇಗೆಂದು ಗೊತ್ತಿರಲಿಲ್ಲ.

"ಹಾಡಮ್ಮ" ಎಂದಳು ಕಡೆಗೆ, ಕೆಂಪಾಗಿ. "ರಾಗ ಮಾತ್ರ ಈ ಅಣ್ಣಂದು. ಅವರನ್ನೂ ಒಂದು ಮಾತು ಕೇಳು."

ಕೇಳಿ ಪಡೆಯುವವರನ್ನು ಲೋಕ ಅಂಜುಬುರುಕರೆಂದು ತಿಳಿಯುತ್ತದೆ. ಆದರೆ ಕೇಳುವವರು 'ಬೇಡ' ಎಂಬ ಮಾತಿಗೂ ಎದೆಯೊಡ್ಡಿ ನಿಂತಿರುತ್ತಾರೆ. ಕೇಳದೆ ಎತ್ತಿಕೊಂಡು ಹೋಗುವವರಿಗೆ ಆ ಧೈರ್ಯದ ಅಗತ್ಯವೇ ಬೀಳುವುದಿಲ್ಲ. ಅಕ್ಕನಂತೆ ಕೇಳಿ ಪಡೆಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುವ ತನಕ, ಹಾಡುಗಳು ಎಷ್ಟು ಬಾಯಿಗಳನ್ನು ಹಾದುಹೋದರೂ ತಾವು ಹುಟ್ಟಿದ ಮನೆಯ ದಾರಿಯನ್ನು ಮರೆಯಲಾರವು.