ಬರ್ತಾ ಇರಿ

ಕಾನೂನು ಓದಿದವನಿಗೆ ಎಲ್ಲವನ್ನೂ ಕಲಿಸುತ್ತಾರೆ, ಕೆಲಸ ಹುಡುಕುವುದೊಂದನ್ನು ಬಿಟ್ಟು. ಸುರಪುರದ ಮೌನೇಶ ಪರೀಕ್ಷೆ ಮುಗಿಸಿ, ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಕೂತು ದೊಡ್ಡ ದೊಡ್ಡ ಲಾ ಫರ್ಮುಗಳಿಗೆ ಮೇಲ್ ಹಾಕಿದ. ಯಾರೂ ಕ್ಯಾರೇ ಅನ್ನಲಿಲ್ಲ. ಕೋಟು ತೊಟ್ಟ ಫೋಟೋ ಆನ್‌ಲೈನಿಗೆ ಏರಿಸಿದ. ಅದನ್ನು ಮೆಚ್ಚಿದವರೆಲ್ಲ ಅವನಂತೆಯೇ ಕೆಲಸ ಹುಡುಕುವವರು. ಕೊನೆಗೆ ವಕೀಲರ ಬೋರ್ಡು ಕಂಡಲ್ಲೆಲ್ಲ ಮೆಟ್ಟಿಲು ಹತ್ತತೊಡಗಿದ. ಈ ತಿಂಗಳು ಯಾರೂ ಜೂನಿಯರ್ ಆಗಿ ಸೇರಿಸಿಕೊಳ್ಳದಿದ್ದರೆ ಊರಿಗೆ ಮರಳಿ ಮಾವನ ಝೆರಾಕ್ಸ್ ಅಂಗಡಿಯಲ್ಲಿ ಕೂರಬೇಕಿತ್ತು.

ಯಡಿಯೂರಿನ ವಕೀಲೆ ಜಯಶೀಲಾ ಅವನ ಬಯೋಡೇಟಾ ನೋಡಿ, ಬಾಗಿಲವರೆಗೂ ಬಂದು, "ನೋಡೋಣ. ಬರ್ತಾ ಇರಿ" ಎಂದರು.

ಮರುದಿನ ಬೆಳಿಗ್ಗೆಯೇ ಅವನು ಬಂದ.

ಏನೋ ಮರೆತು ಹೋಗಿದ್ದಾನೆ ಅಂದುಕೊಂಡರು ಮೇಡಂ. ಅವನು ಕುರ್ಚಿ ಎಳೆದು ಕೂತ. ಕೋರ್ಟಿನಲ್ಲಿ ಎದುರಾಳಿಯ ಬೆವರಿಳಿಸುವ ಹೆಂಗಸಿಗೆ, ಬಾಗಿಲಿಗೆ ಬಂದವನನ್ನು ಹೋಗು ಅನ್ನಲು ನಾಲಿಗೆ ಏಳದು. ಸುಮ್ಮನೆ ಕೂತವನ ಕೈಗೆ ಒಂದು ಫೈಲು ಕೊಟ್ಟರು, ಆಮೇಲೆ ಇನ್ನೊಂದು. ಬರಬರುತ್ತ ಕೇಸುಗಳ ತಾರೀಕುಗಳೆಲ್ಲ ಅವನ ಬಾಯಲ್ಲೇ ಇದ್ದವು. ಕೆಲಸ ಸಿಕ್ಕಿತೆಂದು ಅವ್ವನಿಗೆ ಫೋನೂ ಮಾಡಿದ್ದ.

ಒಂದು ಸಂಜೆ ಶಿಲ್ಪಶ್ರೀ ಎಂಬ ಹುಡುಗಿ ಕೆಲಸ ಕೇಳಿಕೊಂಡು ಬಂದಳು. ಮೇಡಂ ಅವಳನ್ನೂ ಬಾಗಿಲವರೆಗೆ ಬಿಟ್ಟು, "ನೋಡೋಣಮ್ಮ, ಬರ್ತಾ ಇರಿ" ಎಂದರು.

ಜೊತೆಗೊಬ್ಬರು ಸಿಕ್ಕರೆಂದು ಮೌನೇಶನಿಗೆ ಖುಷಿ. "ನಾಳಿಂದ ಅವ್ರ ಕುರ್ಚಿ ಎಲ್ಲಿ ಹಾಕ್ಲಿರಿ ಮೇಡಂ?"

"ಯಾವ ಕುರ್ಚಿ? ಮುಖಕ್ಕೆ ಹೊಡೆದ ಹಾಗೆ ಹೋಗಿ ಅನ್ನೋಕಾಗುತ್ತೇನ್ರೀ? ಅದಕ್ಕೇ ಬರ್ತಾ ಇರಿ ಅನ್ನೋದು!" ಎಂದು ನಕ್ಕ ಮೇಡಂ, ಅವನ ಮುಖ ನೋಡಿ ನಗು ನಿಲ್ಲಿಸಿದರು.

ಮೌನೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಊರಲ್ಲಿ ಬಾ ಅಂದರೆ ಬರುವುದು, ಹೋಗು ಅಂದರೆ ಹೋಗುವುದು. ಬಾ ಎಂದು ಹೊರಗೆ ಕಳಿಸುವ ಜಾಣತನ ಅಲ್ಲಿಯವರಿಗಿಲ್ಲ. ಫೈಲುಗಳನ್ನು ಜೋಡಿಸಿಟ್ಟು ಹೊರಟುಹೋದ.

ಬೆಳಿಗ್ಗೆ ಮೇಡಂ ಫೋನು. "ಎಲ್ಲಿದ್ದೀರ್ರೀ? ಕೋರ್ಟ್‌ಗೆ ಟೈಮಾಯ್ತು."

"ನನಗೂ ಹೋಗು ಅಂತನ ಅಂದಿದ್ರಲ್ರಿ ಮೇಡಂ."



"ಅಂದಿದ್ದೆ. ಸುಳ್ಳು ಯಾಕೆ ಹೇಳ್ಲಿ? ಈಗ ನಾನೇ ಕರೀತಿದೀನಲ್ಲ. ರೆಡಿಯಾಗೋಕೆ ಎಷ್ಟೊತ್ತಾಗುತ್ತೆ?"

ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಬೆಳಗಿನಿಂದ ಚಾಪೆಯ ಮೇಲೆ ಕೂತಿದ್ದ ಮೌನೇಶ, "ರೆಡಿನೇ ಅದೀನ್ರಿ" ಎಂದ.